ಗುಪ್ತಸಂಖ್ಯೆ ಕೊಡದೆ ನೆರವು ಪಡೆಯುವ ಬಗೆ

ಒಕ್ಕಲು ಮನೆತನಗಳಲ್ಲಿ ಬೀಗ ಹಾಕಬೇಕಾದ ಜಾಗಗಳು ಹಿಂದೆ ಬಹಳ ಇರಲಿಲ್ಲ. ಕಣಜದ ಕೋಣೆ, ದುಡ್ಡಿನ ಪೆಟ್ಟಿಗೆ, ಪಂಪ್‌ಸೆಟ್ಟಿನ ಮನೆ, ಇಷ್ಟಕ್ಕೆ ಬೀಗ ಬಿದ್ದರೆ ಸಾಕಿತ್ತು. ಬೀಗದ ಕೈ ಮನೆಯ ಹಿರಿಯರ ಸೊಂಟದಲ್ಲೋ ದೇವರ ಗೂಡಿನಲ್ಲೋ ಇರುತ್ತಿತ್ತು. ಈಗ ಅದೇ ಮನೆಯಲ್ಲಿ ಕಣ್ಣಿಗೆ ಕಾಣದ ಬೀಗಗಳು ಏಳೆಂಟು ಸೇರಿಕೊಂಡಿವೆ. ಎಟಿಎಂ ಕಾರ್ಡಿಗೆ ಒಂದು ಪಿನ್, ಮೊಬೈಲ್‌ನಲ್ಲಿ ಹಣ ಕಳಿಸಲು ಯುಪಿಐ ಪಿನ್, ಪಿಎಂ ಕಿಸಾನ್ ಯೋಜನೆಗೆ ಆಧಾರ್ ಒಟಿಪಿ, ಬೆಳೆ ಸಮೀಕ್ಷೆಯ ಆ್ಯಪ್‌ಗೆ ಮತ್ತೊಂದು ಒಟಿಪಿ, ಇಮೇಲ್ ಇಟ್ಟುಕೊಂಡವರಿಗೆ ಪಾಸ್‌ವರ್ಡ್, ತೋಟದ ಮೋಟಾರನ್ನು ಮೊಬೈಲ್‌ನಿಂದ ನಡೆಸುವವರಿಗೆ ಆ ಸ್ಟಾರ್ಟರಿನದೇ ಒಂದು ಸಂಖ್ಯೆ. ಬೀಗಗಳೇನೋ ಹೆಚ್ಚಿದವು. ಆದರೆ ಅವುಗಳ ಕೈಗಳನ್ನು ಎಲ್ಲಿ, ಯಾರ ಬಳಿ ಇಡಬೇಕೆಂಬ ರೂಢಿ ಇನ್ನೂ ಬೆಳೆದಿಲ್ಲ.

ಬೇಸಾಯಶಾಸ್ತ್ರ ಓದಿದವರಿಗೆ ಈ ವಿಷಯವೇಕೆ ಎಂದು ತಾವು ಕೇಳಬಹುದು. ಇಂದು ಬಿತ್ತನೆ ಬೀಜದ ರಿಯಾಯಿತಿಯಿಂದ ಹಿಡಿದು ಬೆಳೆ ಪರಿಹಾರದವರೆಗೆ ರೈತನಿಗೆ ಸಲ್ಲಬೇಕಾದುದೆಲ್ಲ ಈ ಬೀಗಗಳನ್ನು ಹಾದೇ ಬರುತ್ತದೆ. ಎಕರೆಗೆ ಎರಡು ಕ್ವಿಂಟಲ್ ಹೆಚ್ಚು ಬೆಳೆಯುವ ಕ್ರಮವನ್ನು ನಾವು ಹೇಳಿಕೊಟ್ಟು, ಆ ಹೆಚ್ಚುವರಿ ಹಣ ಒಂದೇ ರಾತ್ರಿಯಲ್ಲಿ ಖಾತೆಯಿಂದ ಮಾಯವಾದರೆ ನಮ್ಮ ಶಿಫಾರಸಿನಿಂದ ಫಲವೇನು? ಇನ್ನೊಂದು ಕಾರಣವೂ ಉಂಟು. ಕ್ಷೇತ್ರೋತ್ಸವ, ತರಬೇತಿಗಳಿಗೆ ಹೋದಾಗಲೆಲ್ಲ, "ಸಾರ್, ನಮಗೆ ಇದೆಲ್ಲ ಗೊತ್ತಾಗಲ್ಲ, ನೀವೇ ಒತ್ತಿ ಕೊಡಿ" ಎಂದು ಫೋನನ್ನೂ, ಅದರ ಕವರಿನ ಹಿಂದೆ ಚೀಟಿಯಲ್ಲಿ ಬರೆದಿಟ್ಟ ಪಿನ್ನನ್ನೂ ಒಟ್ಟಿಗೇ ಕೈಗಿಡುವ ರೈತರು ಒಬ್ಬಿಬ್ಬರಲ್ಲ.

ಇಂಥವರಿಗೆ "ಯಾರಿಗೂ ಪಿನ್ ಹೇಳಬೇಡಿ" ಎಂಬ ಒಂದು ಸಾಲಿನ ಬುದ್ಧಿವಾದ ಹೇಳಿ ಮುಗಿಸುವುದು ಸುಲಭ. ಬ್ಯಾಂಕಿನ ಗೋಡೆಯ ಮೇಲೂ ಅದೇ ಬರೆದಿರುತ್ತದೆ. ಆದರೆ ಕಣ್ಣು ಮಂಜಾದ ಅಜ್ಜನಿಗೆ, ಇಂಗ್ಲಿಷ್ ಓದಲು ಬಾರದ ಗೃಹಿಣಿಗೆ, ಸೋಯಾ ಕಟಾವಿನ ನಡುವೆ ಪೇಟೆಗೆ ಹೋಗಲು ಬಿಡುವಿಲ್ಲದ ಒಕ್ಕಲಿಗನಿಗೆ ಇನ್ನೊಬ್ಬರ ನೆರವು ಬೇಕೇ ಬೇಕು. ಆದುದರಿಂದ ನೆರವನ್ನು ಬಿಡದೆ ಬೀಗದ ಕೈಯನ್ನು ಮಾತ್ರ ಬಿಡದಿರುವುದು ಹೇಗೆ ಎಂಬುದೇ ಇಲ್ಲಿ ವಿಚಾರ ಮಾಡಬೇಕಾದ ಸಂಗತಿ.

ವಿಳಾಸ ಬೇರೆ, ರುಜು ಬೇರೆ

ಮೊದಲು ಸಂಖ್ಯೆಗಳ ಜಾತಿಯನ್ನು ಗುರುತಿಸಬೇಕು. ಬ್ಯಾಂಕ್ ಖಾತೆಯ ಸಂಖ್ಯೆ, ಬ್ಯಾಂಕಿನ ಐಎಫ್‌ಎಸ್‌ಸಿ ಸಂಕೇತ, ಜಮೀನಿನ ಸರ್ವೆ ನಂಬರು, ಫ್ರೂಟ್ಸ್ ತಂತ್ರಾಂಶದಲ್ಲಿ ರೈತರಿಗೆ ಕೊಡುವ ಎಫ್‌ಐಡಿ ಸಂಖ್ಯೆ, ಇವೆಲ್ಲ ಮನೆಯ ವಿಳಾಸವಿದ್ದಂತೆ. ನಿಮಗೆ ಏನಾದರೂ ಬರಬೇಕಾದರೆ ಇವುಗಳನ್ನು ಹೇಳಲೇಬೇಕು. ಆಧಾರ್ ಸಂಖ್ಯೆಯೂ ಕೆಲಸಕ್ಕೆ ಬೇಕಾದುದೇ. ಆದರೆ ಅದರ ನಕಲನ್ನು ಕಂಡ ಕಂಡಲ್ಲಿ ಬಿಟ್ಟು ಬರಬಾರದು. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ, ಉಳಿದುದನ್ನು ಮರೆಮಾಡಿದ ಆಧಾರ್ ಪ್ರತಿಯನ್ನು ಆಧಾರ್ ಜಾಲತಾಣದಿಂದಲೇ ಇಳಿಸಿಕೊಳ್ಳಬಹುದು. ಹಲವೆಡೆ ಅದು ಸಾಕಾಗುತ್ತದೆ.

ಎರಡನೆಯ ಜಾತಿ ಎಟಿಎಂ ಪಿನ್, ಯುಪಿಐ ಪಿನ್, ಕಾರ್ಡಿನ ಹಿಂಬದಿಯ ಮೂರಂಕಿ, ಮೊಬೈಲಿಗೆ ಬರುವ ಒಟಿಪಿ ಹಾಗೂ ಪಾಸ್‌ವರ್ಡ್. ಇವು ವಿಳಾಸವಲ್ಲ, ರುಜು. ಖಾಲಿ ಚೆಕ್ಕಿಗೆ ರುಜು ಹಾಕಿ ಗೊಬ್ಬರದ ಅಂಗಡಿಯವರ ಮೇಜಿನ ಮೇಲಿಟ್ಟು ಬರುವ ರೈತ ಯಾರೂ ಇಲ್ಲ. ಅದೇ ರೈತ ಪಿನ್ನನ್ನು ಅಂಗಡಿಯಲ್ಲಿ ಹತ್ತು ಜನರ ಎದುರಿಗೆ ಗಟ್ಟಿಯಾಗಿ ಹೇಳುತ್ತಾನೆ. ಎರಡಕ್ಕೂ ವ್ಯತ್ಯಾಸವಿಲ್ಲವೆಂಬುದನ್ನು ಮನಗಾಣಬೇಕು.

ಇಲ್ಲಿ ನೆನಪಿಡಬೇಕಾದ ಒಂದು ಸೂತ್ರವುಂಟು. ಹಣ ಬರುವುದಕ್ಕೆ ಪಿನ್ ಬೇಡ, ಹೋಗುವುದಕ್ಕೆ ಮಾತ್ರ ಬೇಕು. ಪಿಎಂ ಕಿಸಾನ್ ಯೋಜನೆಯಲ್ಲಿ 2019ರಿಂದ ವರ್ಷಕ್ಕೆ 6,000 ರೂಪಾಯಿ ಮೂರು ಕಂತುಗಳಲ್ಲಿ ಬರುತ್ತಿದೆ. ಅದಕ್ಕೆ ಇ-ಕೆವೈಸಿ ಮಾಡಿಸಲು ಮೂರು ದಾರಿಗಳಿವೆ: ಆಧಾರ್‌ಗೆ ಜೋಡಿಸಿದ ಮೊಬೈಲಿನ ಒಟಿಪಿ, ಸೇವಾ ಕೇಂದ್ರದಲ್ಲಿ ಬೆರಳಚ್ಚು, ಇಲ್ಲವೆ ಆ್ಯಪ್‌ನಲ್ಲಿ ಮುಖ ತೋರಿಸುವುದು. ಈ ಮೂರರಲ್ಲಿ ಯಾವುದಕ್ಕೂ ಬ್ಯಾಂಕಿನ ಪಿನ್ ಬೇಕಿಲ್ಲ. ಬೆಳೆ ಪರಿಹಾರಕ್ಕೂ ಬೇಕಿಲ್ಲ, ಸಹಾಯಧನಕ್ಕೂ ಬೇಕಿಲ್ಲ. ಹೀಗಿರುವಲ್ಲಿ "ನಿಮ್ಮ ಕಂತು ಜಮಾ ಮಾಡಬೇಕು, ಪಿನ್ ಹಾಕಿ" ಎಂದವನು ಯಾರೇ ಆಗಿರಲಿ, ಕೊಡಲು ಬಂದವನಲ್ಲ. ಎಮ್ಮೆಯನ್ನೋ ಹಳೆಯ ಟ್ರ್ಯಾಕ್ಟರನ್ನೋ ಮಾರಾಟಕ್ಕಿಟ್ಟಾಗ, ದೂರದ ಕೊಳ್ಳುವವನೊಬ್ಬ "ಮುಂಗಡ ಕಳಿಸಿದ್ದೇನೆ, ಈ ಕ್ಯೂಆರ್ ಚಿತ್ರವನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿ" ಎನ್ನುವುದೂ ಇದೇ ಮೋಸ.

ಗಂಡನಿಗೆ ಕೊಟ್ಟರೂ

ನಮ್ಮಲ್ಲಿ ಬಹುತೇಕರು ಪಿನ್ ಕೊಡುವುದು ಕಳ್ಳರಿಗಲ್ಲ, ಮನೆಯವರಿಗೆ. ಅದರಲ್ಲಿ ತಪ್ಪೇನು ಎಂದು ಕೇಳಬಹುದು. ಬೆಂಗಳೂರಿನಲ್ಲಿ ನಡೆದ ಒಂದು ಪ್ರಕರಣವನ್ನು ಇಲ್ಲಿ ವಿವರವಾಗಿ ಹೇಳುವುದು ಉಚಿತ. 2013ರ ನವೆಂಬರ್‌ನಲ್ಲಿ, ಹೆರಿಗೆ ರಜೆಯಲ್ಲಿದ್ದ ಒಬ್ಬ ಮಹಿಳೆ ತನ್ನ ಎಟಿಎಂ ಕಾರ್ಡು ಮತ್ತು ಪಿನ್ನನ್ನು ಗಂಡನಿಗೆ ಕೊಟ್ಟು 25,000 ರೂಪಾಯಿ ತರಲು ಕಳಿಸಿದರು. ಯಂತ್ರದಿಂದ ಚೀಟಿ ಬಂತು, ಖಾತೆಯಿಂದ ಹಣ ಕಳೆಯಿತು, ನೋಟು ಮಾತ್ರ ಬರಲಿಲ್ಲ. ದೂರು ಕೊಟ್ಟಾಗ ಬ್ಯಾಂಕು ಒಪ್ಪಲಿಲ್ಲ. ಎಟಿಎಂ ಕ್ಯಾಮೆರಾದ ದೃಶ್ಯವನ್ನು ತರಿಸಿದರು. ಅದರಲ್ಲಿ ಹಣ ಬಾರದಿರುವುದು ಕಾಣುತ್ತಿತ್ತು. ಅದೇ ದೃಶ್ಯದಲ್ಲಿ ಯಂತ್ರದ ಮುಂದೆ ನಿಂತವರು ಖಾತೆದಾರರಲ್ಲ ಎಂಬುದೂ ಕಾಣುತ್ತಿತ್ತು! ವ್ಯಾಜ್ಯ ಗ್ರಾಹಕರ ನ್ಯಾಯಾಲಯಕ್ಕೆ ಹೋಗಿ ವರ್ಷಗಟ್ಟಲೆ ನಡೆದು, 2018ರ ಮೇ ತಿಂಗಳಲ್ಲಿ ಆಕೆಯ ವಿರುದ್ಧವೇ ತೀರ್ಪಾಯಿತು. ತಾನು ಹೋಗಲಾಗದಿದ್ದಲ್ಲಿ ತನ್ನ ಹೆಸರಿಗೇ ಚೆಕ್ಕು ಬರೆದೋ ಅಧಿಕಾರ ಪತ್ರ ಕೊಟ್ಟೋ ಗಂಡನನ್ನು ಕಳಿಸಬಹುದಾಗಿತ್ತು ಎಂಬುದು ನ್ಯಾಯಾಲಯದ ಅಭಿಪ್ರಾಯ.

ಈ ತೀರ್ಪು ಕಠಿಣವಾಯಿತೆಂದೇ ನನ್ನ ಅನಿಸಿಕೆ. ಬಾಣಂತಿಯೊಬ್ಬಳು ಗಂಡನನ್ನು ಕಳಿಸುವುದು ಲೋಕರೂಢಿ. ಆದರೆ ಗಮನಿಸಬೇಕಾದದ್ದು ಬೇರೆ. ಅಲ್ಲಿ ಗಂಡ ಮೋಸ ಮಾಡಿರಲಿಲ್ಲ. ಯಂತ್ರ ಕೆಟ್ಟಿತ್ತು. ಆದರೂ ಪಿನ್ ಇನ್ನೊಬ್ಬರ ಕೈಗೆ ಹೋಗಿತ್ತೆಂಬ ಒಂದೇ ಕಾರಣಕ್ಕೆ ವಾದಕ್ಕೆ ಬಲವಿಲ್ಲದಾಯಿತು. ಪಿನ್ ಕೊಟ್ಟಾಗ ಹಣದ ಜೊತೆಗೆ, ಮುಂದೆ ದೂರು ಕೊಡುವ ಹಕ್ಕನ್ನೂ ಅರ್ಧ ಕೊಟ್ಟಂತಾಗುತ್ತದೆ.

ರಿಸರ್ವ್ ಬ್ಯಾಂಕಿನ ಸುತ್ತೋಲೆಯ ಧಾಟಿಯೂ ಇದೇ ಆಗಿದೆ. 2017ರ ಜುಲೈ 6ರಂದು ವಾಣಿಜ್ಯ ಬ್ಯಾಂಕುಗಳಿಗೂ, ಅದೇ ವರ್ಷ ಡಿಸೆಂಬರ್ 14ರಂದು ಸಹಕಾರಿ ಬ್ಯಾಂಕುಗಳಿಗೂ ಹೊರಡಿಸಿದ ಸುತ್ತೋಲೆಗಳ ಪ್ರಕಾರ, ಬ್ಯಾಂಕಿನ ಲೋಪದಿಂದ ಹಣ ಹೋದರೆ ಗ್ರಾಹಕನಿಗೆ ಹೊಣೆಯಿಲ್ಲ. ಬ್ಯಾಂಕಿನದೂ ಅಲ್ಲದ, ಗ್ರಾಹಕನದೂ ಅಲ್ಲದ ಲೋಪವಾದರೆ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವನಿಗೂ ಹೊಣೆಯಿಲ್ಲ. ಆದರೆ ಗ್ರಾಹಕನೇ ಪಿನ್ನನ್ನೋ ಪಾಸ್‌ವರ್ಡನ್ನೋ ಇನ್ನೊಬ್ಬರಿಗೆ ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ಅಷ್ಟೂ ನಷ್ಟ ಅವನದೇ. ತಿಳಿಸಿದ ಮೇಲಿನ ನಷ್ಟ ಬ್ಯಾಂಕಿನದು. ಆದಕಾರಣ ತಿಳಿಸುವುದರಲ್ಲಿ ಒಂದು ಗಂಟೆ ತಡವಾದರೂ ಅದಕ್ಕೆ ಬೆಲೆ ತೆರಬೇಕಾಗುತ್ತದೆ.

ಒಟಿಪಿ ಯಾರ ಮೊಬೈಲಿಗೆ ಬರುತ್ತಿದೆ?

ಇದನ್ನು ನೀವು ಇಂದೇ ಪರೀಕ್ಷಿಸಿಕೊಳ್ಳತಕ್ಕದ್ದು. ಹಲವು ಮನೆಗಳಲ್ಲಿ ತಂದೆಯ ಆಧಾರ್‌ಗೆ ಪಟ್ಟಣದಲ್ಲಿರುವ ಮಗನ ನಂಬರು, ತಾಯಿಯ ಬ್ಯಾಂಕ್ ಖಾತೆಗೆ ಅಳಿಯನ ನಂಬರು ಜೋಡಣೆಯಾಗಿದೆ. ಇನ್ನು ಕೆಲವೆಡೆ, ಅರ್ಜಿ ಹಾಕಿದ ದಿನ ರೈತನ ಬಳಿ ಫೋನ್ ಇರಲಿಲ್ಲವೆಂದು ಅರ್ಜಿ ತುಂಬಿಸಿದವರು ತಮ್ಮದೇ ನಂಬರನ್ನು ಹಾಕಿರುವುದೂ ಕಂಡುಬರುತ್ತದೆ. ಅಂದಿನಿಂದ ಆ ಖಾತೆಯ ಬೀಗದ ಕೈ ಅವರ ಜೇಬಿನಲ್ಲಿ ಇದೆ ಎಂದೇ ಅರ್ಥ.

ಮಗನ ನಂಬರಿದ್ದರೆ ಅಪಾಯವಿಲ್ಲ ಎಂದು ತಿಳಿಯಬೇಡಿ. ಮಗ ಕೆಲಸ ಬದಲಿಸಿ ಸಿಮ್ ಬದಲಿಸುತ್ತಾನೆ. ರೀಚಾರ್ಜ್ ಇಲ್ಲದೆ ನಿಂತುಹೋದ ನಂಬರು ಸತ್ತುಹೋಗುವುದಿಲ್ಲ. ಕನಿಷ್ಠ 90 ದಿನಗಳು ಕಳೆದ ಮೇಲೆ ಮೊಬೈಲ್ ಕಂಪನಿಯು ಅದನ್ನು ಬೇರೊಬ್ಬ ಹೊಸ ಗ್ರಾಹಕನಿಗೆ ಕೊಡಬಹುದು. ಆಮೇಲೆ ನಿಮ್ಮ ಖಾತೆಯ ಒಟಿಪಿಗಳು ಎಲ್ಲಿಯೋ ಇರುವ ಆ ಅಪರಿಚಿತನ ಫೋನಿನಲ್ಲಿ ಟಣ್ ಎನ್ನುತ್ತವೆ. ಆದುದರಿಂದ ನಂಬರು ಬಿಡುವ ಮೊದಲು ಬ್ಯಾಂಕು, ಆಧಾರ್, ಫ್ರೂಟ್ಸ್ ಈ ಮೂರರಲ್ಲೂ ಹೊಸ ನಂಬರು ಹಾಕಿಸಿ, ಅನಂತರವೇ ಹಳೆಯದನ್ನು ಬಿಡತಕ್ಕದ್ದು. ಆಧಾರ್‌ಗೆ ಯಾವ ನಂಬರಿದೆ ಎಂಬುದನ್ನು ಆಧಾರ್ ಜಾಲತಾಣದಲ್ಲಿ ನೋಡಬಹುದು, 1947ಕ್ಕೆ ಕರೆ ಮಾಡಿ ವಿಚಾರಿಸಬಹುದು. ಬದಲಾಯಿಸಲು ಆಧಾರ್ ನೋಂದಣಿ ಕೇಂದ್ರಕ್ಕೆ ಹೋದರೆ ಆಗುತ್ತದೆ. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆ ಎಂಬುದನ್ನು ದೂರಸಂಪರ್ಕ ಇಲಾಖೆಯ ಸಂಚಾರ ಸಾಥಿ ಜಾಲತಾಣ ತೋರಿಸುತ್ತದೆ. ನಿಮ್ಮದಲ್ಲದ ಸಿಮ್ ಕಂಡರೆ ಅಲ್ಲಿಯೇ ದೂರು ದಾಖಲಿಸಬಹುದು.

ಬೆರಳೂ ಒಂದು ಬೀಗದ ಕೈ

ಓದು ಬಾರದವರಿಗೆ ಬೆರಳಚ್ಚು ಸುಲಭ, ಅದನ್ನು ಯಾರೂ ಕದಿಯಲಾರರು ಎಂಬ ನಂಬಿಕೆ ಬಹುಕಾಲ ಇತ್ತು. ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ ಮತ್ತು ಬೆರಳಚ್ಚು ಇದ್ದರೆ ಹಣ ತೆಗೆಯಬಹುದು. ಪಿನ್ ಬೇಡ, ಒಟಿಪಿ ಬೇಡ. ಬ್ಯಾಂಕ್ ಶಾಖೆಯಿಲ್ಲದ ಹಳ್ಳಿಗಳಿಗೆ ಇದು ದೊಡ್ಡ ಉಪಕಾರವೇ ಸರಿ. ಆದರೆ 2023ರಲ್ಲಿ ನಮ್ಮ ರಾಜ್ಯದಲ್ಲಿಯೇ, ಆಸ್ತಿ ನೋಂದಣಿಯ ದಾಖಲೆ ಪತ್ರಗಳಲ್ಲಿದ್ದ ಬೆರಳಚ್ಚುಗಳನ್ನು ನಕಲು ಮಾಡಿ ಜನರ ಖಾತೆಗಳಿಂದ ಹಣ ತೆಗೆದ ಪ್ರಕರಣಗಳು ಬೆಳಕಿಗೆ ಬಂದವು. ಪಿನ್ ಕಳುವಾದರೆ ಬದಲಾಯಿಸಬಹುದು. ಬೆರಳನ್ನು ಬದಲಾಯಿಸಲಾಗದು.

ಇದಕ್ಕೆ ಪರಿಹಾರವಿದೆ ಮತ್ತು ಅದು ಉಚಿತ. ಆಧಾರ್ ಜಾಲತಾಣದಲ್ಲಿ ಅಥವಾ ಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಎಂಬ ಸೌಲಭ್ಯವಿದೆ. ಅದನ್ನು ಹಾಕಿದರೆ ಬೆರಳಚ್ಚು, ಕಣ್ಣಿನ ಪಾಪೆ, ಮುಖ ಯಾವುದೂ ನಡೆಯುವುದಿಲ್ಲ, ನಕಲಿ ಬೆರಳಂತೂ ನಡೆಯುವುದೇ ಇಲ್ಲ. ಒಂದು ತೊಡಕನ್ನು ಮಾತ್ರ ಮುಂಚೆಯೇ ತಿಳಿದಿರಬೇಕು. ಲಾಕ್ ಇರುವಾಗ ನಿಮ್ಮ ನಿಜವಾದ ಬೆರಳೂ ನಡೆಯದು. ನ್ಯಾಯಬೆಲೆ ಅಂಗಡಿಗೆ, ಬ್ಯಾಂಕ್ ಮಿತ್ರರ ಬಳಿಗೆ ಅಥವಾ ಇ-ಕೆವೈಸಿಗೆ ಹೋಗುವ ದಿನ ಸ್ವಲ್ಪ ಹೊತ್ತು ಬಿಚ್ಚಿಕೊಳ್ಳಬೇಕು. ಲಾಕ್ ಹಾಕಲೂ ತೆಗೆಯಲೂ ಆಧಾರ್‌ಗೆ ಜೋಡಿಸಿದ ಮೊಬೈಲು ಕೈಯಲ್ಲಿರಬೇಕು. ಅದಕ್ಕೇ ಮೊದಲು ನಂಬರನ್ನು ಸರಿಪಡಿಸಿಕೊಳ್ಳಿ ಎಂದು ಹೇಳಿದ್ದು.

ಬೆರಳಿಡುವಾಗಲೂ ಎಚ್ಚರ ಬೇಕು. "ಸರ್ವರ್ ಬಂದಿಲ್ಲ, ಇನ್ನೊಮ್ಮೆ ಒತ್ತಿ" ಎಂದಾಗ, ಮೊದಲ ಸಲ ಏನಾಯಿತೆಂದು ಚೀಟಿ ಕೇಳಿರಿ. ಬರೀ ಬಾಕಿ ನೋಡಲು ಒತ್ತಿದ ಬೆರಳಿಗೂ ಹಣ ತೆಗೆಯಲು ಒತ್ತಿದ ಬೆರಳಿಗೂ ಯಂತ್ರದ ಹೊರಗಿನಿಂದ ನೋಡಿದರೆ ವ್ಯತ್ಯಾಸ ಕಾಣದು. ಎಲ್ಲ ಬ್ಯಾಂಕ್ ಮಿತ್ರರನ್ನೂ ಅನುಮಾನಿಸಬೇಕೆಂದು ಇದರ ಅರ್ಥವಲ್ಲ. ಚೀಟಿ ಕೇಳುವುದು ನಿಮ್ಮ ಹಕ್ಕು. ಪ್ರಾಮಾಣಿಕ ಮಿತ್ರರಿಗೂ ಅದರಿಂದ ರಕ್ಷಣೆ.

ನೆರವು ಪಡೆಯುವಾಗ

ಗ್ರಾಮ ಒನ್ ಕೇಂದ್ರ, ರೈತ ಸಂಪರ್ಕ ಕೇಂದ್ರ ಅಥವಾ ಪೇಟೆಯ ಕಂಪ್ಯೂಟರ್ ಅಂಗಡಿಗೆ ಹೋದಾಗ ಯಾವ ಕೆಲಸಕ್ಕೆ ಬಂದಿದ್ದೀರಿ ಎಂಬುದನ್ನು ಮೊದಲೇ ಸ್ಪಷ್ಟವಾಗಿ ಹೇಳಿ. ಫೋನನ್ನು ಕೈಬಿಡಬೇಡಿ. ಒಟಿಪಿ ಬಂದಾಗ ಬರೀ ಅಂಕಿಯನ್ನು ಓದಿ ಹೇಳುವ ಬದಲು ಇಡೀ ಸಂದೇಶವನ್ನು ಓದಬೇಕು. ಅದು ಯಾವ ಸಂಸ್ಥೆಯಿಂದ ಬಂದಿದೆ, ಯಾವ ಕೆಲಸಕ್ಕೆ ಎಂಬುದು ಸಾಮಾನ್ಯವಾಗಿ ಅದರಲ್ಲಿಯೇ ಇರುತ್ತದೆ. ಹಣದ ವ್ಯವಹಾರವಾಗಿದ್ದರೆ ಮೊತ್ತವೂ ಇರುತ್ತದೆ. ಪಿಎಂ ಕಿಸಾನ್ ಕೆಲಸಕ್ಕೆ ಕುಳಿತಾಗ ಬ್ಯಾಂಕಿನಿಂದ ಒಟಿಪಿ ಬಂದರೆ ಅಲ್ಲಿಗೇ ನಿಲ್ಲಿಸತಕ್ಕದ್ದು. ಇಂಗ್ಲಿಷ್ ಬಾರದವರು ಹೈಸ್ಕೂಲು ಓದುವ ಮಗಳನ್ನೋ ಮೊಮ್ಮಗನನ್ನೋ ಜೊತೆಗೆ ಕರೆದುಕೊಂಡು ಹೋಗಿ ಓದಿಸಿಕೊಳ್ಳಬಹುದು. ಅಂಕಿಗಳನ್ನು ಒತ್ತುವ ಕೆಲಸ ಮಾತ್ರ ನಿಮ್ಮ ಬೆರಳಿನಿಂದಲೇ ಆಗಲಿ. ಹತ್ತು ಅಂಕಿಗಳ ಗುರುತು ಎಲ್ಲರಿಗೂ ಇದೆ, ಮೊಬೈಲ್ ನಂಬರ್ ಒತ್ತಲು ಬಂದವರಿಗೆ ಪಿನ್ ಒತ್ತಲೂ ಬರುತ್ತದೆ.

ಮನೆಯವರೊಳಗೆ ಹಣದ ಕೆಲಸ ಹಂಚಿಕೊಳ್ಳಲು ಪಿನ್ ಹಂಚಿಕೊಳ್ಳಬೇಕಾಗಿಲ್ಲ. ಗಂಡ ಹೆಂಡತಿ ಇಬ್ಬರೂ ಬಳಸುವ ಖಾತೆಯಾದರೆ ಜಂಟಿ ಖಾತೆ ಮಾಡಿಸಿ, ಇಬ್ಬರಲ್ಲಿ ಯಾರಾದರೂ ಅಥವಾ ಉಳಿದವರು ನಡೆಸಬಹುದೆಂದು ಬರೆಸಿದರೆ ಇಬ್ಬರಿಗೂ ಬೇರೆ ಬೇರೆ ಕಾರ್ಡು, ಬೇರೆ ಬೇರೆ ಪಿನ್ ಸಿಗುತ್ತದೆ. ಮೇಲೆ ಹೇಳಿದ ಬೆಂಗಳೂರಿನ ಪ್ರಕರಣದಲ್ಲಿ ಇಷ್ಟಿದ್ದಿದ್ದರೆ ವ್ಯಾಜ್ಯದ ದಾರಿಯೇ ಬೇರೆಯಾಗುತ್ತಿತ್ತು. ಮೊಬೈಲ್ ಪಾವತಿಯಲ್ಲಿ 2024ರಲ್ಲಿ ಬಂದ ಯುಪಿಐ ಸರ್ಕಲ್ ಎಂಬ ಏರ್ಪಾಡು ಇದಕ್ಕೆಂದೇ ಇರುವಂಥದು. ಖಾತೆದಾರರು ಮಗನಿಗೋ ಸೊಸೆಗೋ ತಮ್ಮ ಖಾತೆಯಿಂದ ಖರ್ಚು ಮಾಡುವ ಅಪ್ಪಣೆ ಕೊಡಬಹುದು. ಪೂರ್ತಿ ಅಪ್ಪಣೆಯಾದರೆ ಒಂದು ಸಲಕ್ಕೆ 5,000, ತಿಂಗಳಿಗೆ 15,000 ರೂಪಾಯಿಗಳ ಮಿತಿಯೊಂದಿಗೆ ಇದು ಆರಂಭವಾಯಿತು. ಇನ್ನೊಂದು ಬಗೆಯಲ್ಲಿ, ಅವರು ಅಂಗಡಿಯಲ್ಲಿ ಕೇಳಿದಾಗಲೆಲ್ಲ ಮನೆಯಲ್ಲಿ ಕುಳಿತ ಖಾತೆದಾರರೇ ತಮ್ಮ ಪಿನ್ ಒತ್ತಿ ಒಪ್ಪಿಗೆ ಕೊಡುತ್ತಾರೆ. ಗೊಬ್ಬರ ತರಲು ಮಗನನ್ನು ಕಳಿಸುವ ತಂದೆಗೆ ಇದಕ್ಕಿಂತ ಅನುಕೂಲ ಬೇರೆ ಬೇಕೆ? ಅಪ್ಪಣೆಯನ್ನು ಯಾವಾಗ ಬೇಕಾದರೂ ಹಿಂತೆಗೆದುಕೊಳ್ಳಬಹುದು. ಹೇಳಿದ ಪಿನ್ನನ್ನು ಕೇಳಿದವರ ನೆನಪಿನಿಂದ ಹಿಂತೆಗೆದುಕೊಳ್ಳಲಾಗದು.

"ನಾನು ಇದ್ದಕ್ಕಿದ್ದಂತೆ ಹೋದರೆ ಮನೆಯವರಿಗೆ ಹಣ ಸಿಗಬೇಕಲ್ಲ, ಅದಕ್ಕೇ ಪಿನ್ ಹೇಳಿಟ್ಟಿದ್ದೇನೆ" ಎನ್ನುವ ಹಿರಿಯರೂ ಇದ್ದಾರೆ. ಅವರ ಚಿಂತೆ ನ್ಯಾಯವಾದದ್ದೇ. ಅದಕ್ಕೆ ಸರಿಯಾದ ಮಾರ್ಗ ನಾಮನಿರ್ದೇಶನ. 2025ರ ನವೆಂಬರ್ 1ರಿಂದ ಒಂದು ಬ್ಯಾಂಕ್ ಖಾತೆಗೆ ನಾಲ್ವರವರೆಗೆ ನಾಮಿನಿಗಳನ್ನು ಹೆಸರಿಸಬಹುದು. ಖಾತೆದಾರರು ತೀರಿಕೊಂಡ ಮೇಲೆ ಅವರ ಕಾರ್ಡಿನಿಂದ ಹಣ ತೆಗೆದರೆ, ಅಣ್ಣತಮ್ಮಂದಿರ ನಡುವೆ ಮುಂದೆ ಅದೇ ಜಗಳದ ಮೂಲವಾದೀತು.

ಸಂಘಗಳಲ್ಲಿ ಒಂದೇ ಲಾಗಿನ್

ಹಾಲು ಉತ್ಪಾದಕರ ಸಂಘ, ಪ್ರಾಥಮಿಕ ಕೃಷಿ ಪತ್ತಿನ ಸಂಘ, ರೈತ ಉತ್ಪಾದಕ ಕಂಪನಿ, ಇವುಗಳ ಆಡಳಿತ ಮಂಡಳಿಯಲ್ಲಿರುವ ಓದುಗರಿಗೆ ಇದೊಂದು ಮಾತು. ಕಾರ್ಯದರ್ಶಿಯ ಹೆಸರಿನ ಲಾಗಿನ್ನನ್ನು ಗುಮಾಸ್ತರು, ದಿನಗೂಲಿಯ ಹುಡುಗ, ಕೆಲವೊಮ್ಮೆ ಲೆಕ್ಕ ಬರೆಯಲು ಬಂದ ಹೊರಗಿನವರೂ ಬಳಸುವುದುಂಟು. ಕೆಲಸ ಬೇಗ ಆಗುತ್ತದೆ, ನಿಜ. ಆದರೆ ಲೆಕ್ಕ ತಪ್ಪಿದ ದಿನ ಯಾರು ಮಾಡಿದರೆಂದು ಕಂಡುಹಿಡಿಯಲು ಸಾಧ್ಯವಿಲ್ಲ, ಗಣಕಯಂತ್ರ ಕಾರ್ಯದರ್ಶಿಯ ಹೆಸರನ್ನೇ ಹೇಳುತ್ತದೆ. ಮಾಡದ ತಪ್ಪಿಗೆ ಅವರು ಉತ್ತರ ಕೊಡಬೇಕಾಗುತ್ತದೆ.

ಇದನ್ನು ನಮ್ಮ ರಾಜ್ಯದ ಭೂಮಿ ಯೋಜನೆ ಎರಡು ದಶಕಗಳ ಹಿಂದೆಯೇ ಕಂಡುಕೊಂಡಿತ್ತು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿದಾಗ, ದಾಖಲೆ ತಿದ್ದುವ ನೌಕರರಿಗೆ ಬರೀ ಪಾಸ್‌ವರ್ಡ್ ಕೊಡದೆ, ಅವರವರ ಬೆರಳಚ್ಚಿನಿಂದಲೇ ಒಳಗೆ ಹೋಗುವಂತೆ ಏರ್ಪಡಿಸಲಾಯಿತು. "ನನ್ನ ಪಾಸ್‌ವರ್ಡ್ ಬಳಸಿ ಬೇರೆಯವರು ಮಾಡಿದ್ದಾರೆ" ಎಂದು ಹೇಳಿ ಜಾರಿಕೊಳ್ಳಲು ಇದರಿಂದ ಎಡೆಯಿಲ್ಲದಾಯಿತು. ನಿಮ್ಮ ಸಂಘದಲ್ಲಿ ಅಷ್ಟು ವೆಚ್ಚದ ವ್ಯವಸ್ಥೆ ಬೇಕಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಲಾಗಿನ್ ಮಾಡಿಕೊಡಿ, ಹಣ ಪಾವತಿಗೆ ಒಬ್ಬರು ತುಂಬಿ ಇನ್ನೊಬ್ಬರು ಒಪ್ಪುವಂತೆ ಬ್ಯಾಂಕಿಗೆ ಬರೆದುಕೊಡಿ, ಕೆಲಸ ಬಿಟ್ಟವರ ಲಾಗಿನ್ನನ್ನು ಅಂದೇ ಮುಚ್ಚಿಸಿ.

ಗಟ್ಟಿ ಪಾಸ್‌ವರ್ಡ್ ಕಟ್ಟುವುದು

ಸುಲಭದ ಪಾಸ್‌ವರ್ಡ್ ಇಡುವುದು ಹಳ್ಳಿಯವರ ದೌರ್ಬಲ್ಯವೇನಲ್ಲ. ಅಮೆರಿಕದ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ಎಂಬ ಇಬ್ಬರು ಗಣಕ ವಿಜ್ಞಾನಿಗಳು 1979ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಬಳಕೆದಾರರಿಂದ ಸಂಗ್ರಹಿಸಿದ 3,289 ಪಾಸ್‌ವರ್ಡ್‌ಗಳ ಪೈಕಿ ಶೇ. 86ರಷ್ಟು ತೀರಾ ಚಿಕ್ಕವು ಅಥವಾ ಹೆಸರುಗಳ ಪಟ್ಟಿ, ನಿಘಂಟುಗಳಲ್ಲಿ ಸಿಗುವಂಥವು ಎಂದು ತೋರಿಸಿದರು.

ನಾಲ್ಕಂಕಿಯ ಪಿನ್ನಿನಲ್ಲಿ ಇರುವುದು ಬರೀ 10,000 ಬಗೆಗಳು. ಸಾಮಾನ್ಯವಾಗಿ ಮೂರು ಸಲ ತಪ್ಪಿದರೆ ಬೀಗ ಬೀಳುವುದರಿಂದ ಅಷ್ಟೇ ಸಾಕಾಗುತ್ತದೆ. ಆದರೆ ಹುಟ್ಟಿದ ಇಸವಿ, ಗಾಡಿಯ ನಂಬರು, 1234 ಇಂಥದ್ದನ್ನು ಇಟ್ಟರೆ ಆ ಮೂರು ಸಲದೊಳಗೇ ಸಿಕ್ಕಿಬಿಡುತ್ತದೆ. ಪಾಸ್‌ವರ್ಡಿನ ಲೆಕ್ಕ ಬೇರೆ. ಇಂಗ್ಲಿಷಿನ 26 ಸಣ್ಣ ಅಕ್ಷರಗಳಿಂದ ಎಂಟಕ್ಷರದ ಪಾಸ್‌ವರ್ಡ್ ಕಟ್ಟುವ ಬಗೆಗಳು ಸುಮಾರು 20,900 ಕೋಟಿ. ಇದು ದೊಡ್ಡದಾಗಿ ಕಂಡರೂ ಇಂದಿನ ಗಣಕಯಂತ್ರಗಳಿಗೆ ದೊಡ್ಡದಲ್ಲ. ಅದಕ್ಕೆ ಬದಲು ನಿಮಗೆ ತಿಳಿದ ಎರಡು ಸಾವಿರ ಕನ್ನಡ ಪದಗಳಿಂದ, ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕನ್ನು ಕಣ್ಣುಮುಚ್ಚಿ ಆರಿಸಿ ಸಾಲಾಗಿ ಬರೆಯಿರಿ. ಕುಂಟೆ, ಅಳಿಲು, ಸೀಮೆಸುಣ್ಣ, ಬೀಗರು, ಹೀಗೆ. ಇಂಗ್ಲಿಷ್ ಅಕ್ಷರಗಳಲ್ಲಿಯೇ ಒತ್ತಬಹುದು. ಅದರ ಬಗೆಗಳು 16 ಲಕ್ಷ ಕೋಟಿ, ಮೊದಲಿನದಕ್ಕಿಂತ ಎಪ್ಪತ್ತು ಪಟ್ಟಿಗೂ ಮಿಗಿಲು. ನೆನಪಿಡಲೂ ಸುಲಭ. ಗಾದೆ, ಹಾಡಿನ ಸಾಲು, ಮನೆದೇವರ ಹೆಸರು ಬೇಡ. ಇಲ್ಲಿ ಅಚ್ಚಾದ ನಾಲ್ಕು ಪದಗಳನ್ನಂತೂ ಇಡಬೇಡಿ! ಉದ್ದವೇ ಮುಖ್ಯ, ಕಾರಣವಿಲ್ಲದೆ ತಿಂಗಳಿಗೊಮ್ಮೆ ಬದಲಿಸುವ ಅಗತ್ಯವಿಲ್ಲ ಎಂದು ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯೂ 2017ರಲ್ಲಿ ಸಲಹೆ ಮಾಡಿತು.

ಎಲ್ಲ ಕಡೆಗೂ ಒಂದೇ ಪಾಸ್‌ವರ್ಡ್ ಇಡುವುದು, ಇಡೀ ಊರಿನ ಹೊಲಕ್ಕೆ ರೋಗ ತಡೆಯದ ಒಂದೇ ತಳಿ ಬಿತ್ತಿದಂತೆ. ಒಂದೆಡೆ ಬಂದ ರೋಗ ಎಲ್ಲೆಡೆಗೂ ಹಬ್ಬುತ್ತದೆ. ಬ್ಯಾಂಕು ಮತ್ತು ಇಮೇಲ್‌ಗಾದರೂ ಪ್ರತ್ಯೇಕವಾಗಿರಲಿ. ಇಷ್ಟೊಂದು ನೆನಪಿನಲ್ಲಿ ಉಳಿಯುವುದಿಲ್ಲ ಎನ್ನುವವರು ಪಾಸ್‌ವರ್ಡ್‌ಗಳನ್ನು ಒಂದು ಪುಸ್ತಕದಲ್ಲಿ ಬರೆದು, ಜಮೀನಿನ ಪತ್ರಗಳ ಜೊತೆ ಪೆಟ್ಟಿಗೆಯಲ್ಲಿ ಇಟ್ಟರೆ ದೋಷವೇನಿಲ್ಲವೆಂದು ನನ್ನ ಮತ. ದೂರದ ಊರಿನ ಕಳ್ಳನಿಗೆ ನಿಮ್ಮ ಪೆಟ್ಟಿಗೆ ಎಟುಕದು. ಬ್ಯಾಂಕಿನ ಪಿನ್ನುಗಳನ್ನು ಮಾತ್ರ ಎಲ್ಲಿಯೂ ಬರೆಯದೆ ನೆನಪಿನಲ್ಲಿಯೇ ಇಡಿ. ಫೋನಿನ ಕವರು, ಎಟಿಎಂ ಕಾರ್ಡಿನ ಹಿಂಬದಿ, ಪಾಸ್‌ಬುಕ್ಕಿನ ಕೊನೆಯ ಪುಟ, ಈ ಮೂರು ಜಾಗಗಳಂತೂ ಕಳ್ಳರಿಗೂ ಗೊತ್ತು.

ಮೊಬೈಲ್ ಸ್ಟಾರ್ಟರ್ ಹಾಕಿಸಿಕೊಂಡವರು ಅದರ ಸಂಖ್ಯೆಯನ್ನೂ ಮರೆಯಬಾರದು. ಕಾರ್ಖಾನೆಯಿಂದ ಬರುವಾಗ ಹಲವು ಸ್ಟಾರ್ಟರುಗಳಿಗೆ ಒಂದೇ ಸಾಮಾನ್ಯ ಸಂಖ್ಯೆ ಇಟ್ಟಿರುತ್ತಾರೆ. ಕೂರಿಸಿದ ದಿನವೇ ಅದನ್ನು ಬದಲಾಯಿಸುವ ಕ್ರಮವನ್ನು ಮೆಕ್ಯಾನಿಕ್‌ನಿಂದ ಕೇಳಿ ತಿಳಿದುಕೊಳ್ಳಿ. ಇಲ್ಲವಾದರೆ ಬೇರೆ ಯಾರೋ ನಡುರಾತ್ರಿ ನಿಮ್ಮ ಮೋಟಾರನ್ನು ಚಾಲೂ ಮಾಡಬಹುದು. ಬಾವಿಯಲ್ಲಿ ನೀರಿಲ್ಲದ ಹೊತ್ತಿನಲ್ಲಿ ಹಾಗಾದರೆ ಮೋಟಾರ್ ಸುಟ್ಟ ಮೇಲೆಯೇ ನಿಮಗೆ ಗೊತ್ತಾಗುವುದು.

ಕೇಳದೆಯೇ ಕದಿಯುವ ಕಡತಗಳು

ಈಚಿನ ವರ್ಷಗಳಲ್ಲಿ ಒಟಿಪಿಯನ್ನು ಕೇಳದೆಯೇ ಕದಿಯುವ ಬಗೆ ಬಂದಿದೆ. ಪಿಎಂ ಕಿಸಾನ್ ಹೆಸರಿನಲ್ಲಿ, ಮದುವೆಯ ಕರೆಯೋಲೆಯ ಹೆಸರಿನಲ್ಲಿ ವಾಟ್ಸಾಪ್‌ಗೆ ಎಪಿಕೆ ಎಂಬ ಬಗೆಯ ಕಡತಗಳು ಬರುತ್ತವೆ. ಒತ್ತಿದರೆ ಅದು ಫೋನಿನೊಳಗೆ ಕುಳಿತು ನಿಮಗೆ ಬರುವ ಸಂದೇಶಗಳನ್ನು ಕಳ್ಳನಿಗೆ ರವಾನಿಸುತ್ತದೆ. ಪರಿಚಿತರ ನಂಬರಿನಿಂದ ಬಂದರೂ ನಂಬುವಂತಿಲ್ಲ, ಏಕೆಂದರೆ ಅವರ ಫೋನು ಈಗಾಗಲೇ ಹಾಗೆ ಸಿಕ್ಕಿಬಿದ್ದಿರಬಹುದು. ಕೃಷಿ ಗುಂಪುಗಳಲ್ಲಿ ಇಂಥ ಕಡತವನ್ನು ಒಬ್ಬರು ಹಾಕಿದರೆ ನೂರಾರು ರೈತರಿಗೆ ತಲುಪುತ್ತದೆ. ಗುಂಪಿನ ಅಡ್ಮಿನ್‌ಗಳು ಕಂಡಕೂಡಲೇ ಅಳಿಸತಕ್ಕದ್ದು. ಆ್ಯಪ್ ಬೇಕಾದರೆ ಪ್ಲೇ ಸ್ಟೋರ್‌ನಿಂದ ಮಾತ್ರ, ಅದೂ ಇಲಾಖೆಯ ಹೆಸರನ್ನು ನೋಡಿಕೊಂಡು ಹಾಕಿಕೊಳ್ಳಿ. ಒತ್ತಿಬಿಟ್ಟಿದ್ದರೆ ಕೂಡಲೇ ಫೋನಿನ ಇಂಟರ್ನೆಟ್ ಬಂದ್ ಮಾಡಿ, ಬೇರೆ ಫೋನಿನಿಂದ ಬ್ಯಾಂಕಿಗೆ ತಿಳಿಸಿ.

ಹಣ ಹೋದದ್ದು ಗೊತ್ತಾದ ಕೂಡಲೇ

ನಾಚಿಕೆಪಟ್ಟು ಸುಮ್ಮನಿರುವುದರಿಂದ ನಷ್ಟ ಹೆಚ್ಚುತ್ತದೆ. ಮೊದಲ ಕರೆ 1930ಕ್ಕೆ. ಇದು ದೇಶಾದ್ಯಂತ ಸೈಬರ್ ಹಣಕಾಸು ವಂಚನೆಯ ಸಹಾಯವಾಣಿ. ಕದ್ದ ಹಣವು ಒಂದು ಖಾತೆಯಿಂದ ಇನ್ನೊಂದಕ್ಕೆ ಬೇಗ ಬೇಗ ಓಡುತ್ತದೆ. ಅದು ಇನ್ನೂ ಯಾವುದಾದರೂ ಖಾತೆಯಲ್ಲಿ ನಿಂತಿದ್ದರೆ ಅಲ್ಲಿಯೇ ತಡೆಹಿಡಿಯಲು ಸಾಧ್ಯ. ನಗದಾಗಿ ಹೊರಬಿದ್ದ ಮೇಲೆ ಕಷ್ಟ. ಕರೆ ಮಾಡುವಾಗ ಬ್ಯಾಂಕಿನ ಹೆಸರು, ಖಾತೆ ಸಂಖ್ಯೆ, ಹೋದ ಮೊತ್ತ, ದಿನಾಂಕ ಮತ್ತು ವೇಳೆ, ಬ್ಯಾಂಕಿನ ಸಂದೇಶದಲ್ಲಿರುವ ವ್ಯವಹಾರ ಸಂಖ್ಯೆ ಇವು ಕೈಯಲ್ಲಿರಲಿ. ಆ ಸಂದೇಶಗಳನ್ನು ಅಳಿಸಬೇಡಿ. ಅಲ್ಲಿ ಕೂಡ ನಿಮ್ಮ ಪಿನ್ನನ್ನಾಗಲಿ ಒಟಿಪಿಯನ್ನಾಗಲಿ ಹೇಳಬೇಕಾದ ಪ್ರಮೇಯವಿಲ್ಲ.

ಅನಂತರ ಬ್ಯಾಂಕಿಗೆ ಕರೆ ಮಾಡಿ ಕಾರ್ಡು ಮತ್ತು ಯುಪಿಐ ನಿಲ್ಲಿಸಿ, ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಮರುದಿನ ಶಾಖೆಗೆ ಹೋಗಿ ಲಿಖಿತ ದೂರು ಕೊಟ್ಟು, ನಕಲಿನ ಮೇಲೆ ಮೊಹರು ಮತ್ತು ವೇಳೆ ಹಾಕಿಸಿಕೊಳ್ಳತಕ್ಕದ್ದು. ಮೂರು ಕೆಲಸದ ದಿನಗಳ ಲೆಕ್ಕದಲ್ಲಿ ಈ ಮೊಹರೇ ನಿಮ್ಮ ಸಾಕ್ಷಿ. ಬೆರಳಚ್ಚಿನ ಮೂಲಕ ಹಣ ಹೋಗಿದ್ದರೆ ಶಾಖೆಗೆ ಹೊರಡುವ ಮುನ್ನವೇ ಬಯೋಮೆಟ್ರಿಕ್ ಲಾಕ್ ಹಾಕಿ, ಏಕೆಂದರೆ ಕಾರ್ಡು ನಿಲ್ಲಿಸಿದ ಮಾತ್ರಕ್ಕೆ ಆ ದಾರಿ ಮುಚ್ಚುವುದಿಲ್ಲ.